ತೊಟ್ಟಿಲೊಳಗಿನ ಗುಂಡಪ್ಪ

ಸಿದರಾಯನ ಪರಿಚಯ ನನಗೆ ಆದದ್ದೇ ಜಗಳದಿಂದ. ಎಂಬತ್ತಾರನೆಯ ಇಸವಿ. ನಾನು ಶಿರಗುಪ್ಪಿಯ ಕನ್ನಡ ಶಾಲೆಗೆ ವರ್ಗವಾಗಿ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಶಾಲೆಯ ಗೋಡೆಯ ಮೇಲೆ ಕರ್ನಾಟಕದ ನಕಾಶೆ ಬರೆಯಲು ಹೆಡ್ಮಾಸ್ತರರು ಒಬ್ಬ ಪೇಂಟರನನ್ನು ಗೊತ್ತುಮಾಡಿದ್ದರು. ಮಧ್ಯಾಹ್ನ ಹೋಗಿ ನೋಡಿದರೆ ಆ ಮನುಷ್ಯ ಬೆಳಗಾವಿಗಿಂತ ದೊಡ್ಡ ಚುಕ್ಕಿ ಇಟ್ಟು, ಕೆಂಪು ಅಕ್ಷರದಲ್ಲಿ ಶಿರಗುಪ್ಪಿ ಅಂತ ಬರೆದಿದ್ದಾನೆ!

“ಏನಪಾ, ನಿಮ್ಮಪ್ಪ ಮಾಡಿಸಿದ ನಕಾಶಿ ಏನ ಇದು?” ಅಂದೆ.

“ಅಲ್ರಿ ಅಕ್ಕೋರ, ಹುಡುಗೂರು ಮೊದಲ ತಮ್ಮೂರ ಹುಡುಕ್ತಾವ್ರಿ. ಸಿಗಲಿಲ್ಲಂದ್ರ ಮಾರಿ ಸಣ್ಣದ ಮಾಡ್ತಾವು,” ಅಂದ.

ಬೈದು ಅಳಿಸಿ ಹಾಕಿಸಿದೆ. ನನ್ನ ಬಾಯಿ ಅಂಥದ್ದು. ನನ್ನ ಹೆಸರು ಕಾಶಿಬಾಯಿ ಅಂತ ಊರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ, ಖಾರದ ಅಕ್ಕೋರು ಅಂದರೆ ಎಲ್ಲರಿಗೂ ಗೊತ್ತಿತ್ತು. ಆದರೆ ಸಂಜೆ ಮನೆಗೆ ಬಂದರೆ ಅದೇ ಪೇಂಟರ ನಮ್ಮ ಅಂಗಳದಲ್ಲಿ ನಿಂತು ಬ್ರಷ್ಷು ತೊಳೆಯುತ್ತಿದ್ದ. ನಾನಿದ್ದದ್ದು ಒಂದು ಹಳೆಯ ವಾಡೆ, ದೊಡ್ಡ ಅಂಗಳದ ಮನೆ; ನನ್ನ ಪಕ್ಕದ ಎರಡು ಖೋಲಿ, ಅಂದರೆ ಕೋಣೆ, ಖಾಲಿಯಿದ್ದವು. ಅವತ್ತೇ ಅವನ್ನು ಹಿಡಿದಿದ್ದ. ನನಗೂ ಅವನ ಹೆಂಡತಿ ಮಲಕವ್ವನಿಗೂ ನಡುವೆ ಒಂದು ಗೋಡೆ, ಒಂದು ಬಚ್ಚಲು, ಒಂದು ತುಳಸಿಕಟ್ಟೆ. ಹತ್ತು ವರ್ಷ ಹಾಗೇ ಕಳೆದೆವು.

ಸಿದರಾಯನದು ಮಂಗಸೂಳಿಯ ಕಡೆಯ ಕುರಿ ಕಾಯುವ ಮನೆತನ. ಅಣ್ಣತಮ್ಮಂದಿರು ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಇವನು ಬಂಡೆಗಲ್ಲಿನ ಮೇಲೆ ಇದ್ದಲಿಯಿಂದ ಟಗರು ಬರೆಯುತ್ತ ಕುಳಿತು ಒದೆ ತಿಂದವನು. ಕಬ್ಬಿನ ಟ್ರಾಲಿಗಳ ಹಿಂದೆ ‘ಮಲಕಾರಿಸಿದ್ದ ಪ್ರಸನ್ನ’ ಅಂತ ಬರೆಯುವುದು, ಅದರ ಎರಡೂ ಬದಿಗೆ ನವಿಲು, ಅಂಗಡಿಗಳ ಬೋರ್ಡು, ಇದು ಅವನ ಕಸುಬು. ಕೈ ಚೆನ್ನಾಗಿತ್ತು. ಮಲಕವ್ವ ಕಡ್ಡಿಯಂಥ ಹೆಂಗಸು, ಮಾತು ಕಡಿಮೆ. ಅವಳ ಮೊದಲನೆಯದು ಆರನೇ ತಿಂಗಳಿಗೇ ಹೋಗಿತ್ತು. ಎರಡನೆಯದು ಹುಟ್ಟಿ ಅಳಲೇ ಇಲ್ಲ. ಅದನ್ನೆಲ್ಲ ಅವಳು ಒಂದೇ ಸಲ ಹೇಳಿದಳು, ಜೋಳ ಕೇರುತ್ತಾ, ಮೊರದಿಂದ ಕಣ್ಣೆತ್ತದೆ. ಆಮೇಲೆ ನಾನೂ ಕೇಳಲಿಲ್ಲ.

ಮರುವರ್ಷ ಅಥಣಿ ಕಡೆಯ ಒಬ್ಬ ದ್ರಾಕ್ಷಿ ತೋಟದ ಸಾಹುಕಾರರ ಮನೆಯ ಗೇಟಿಗೆ ಬಣ್ಣ ಹಚ್ಚಲು ಹೋದ ಸಿದರಾಯ, ನೀರು ಕೇಳಲೆಂದು ಪಡಸಾಲೆಗೆ ಹೋಗಿ, ಅಲ್ಲೇ ನಿಂತುಬಿಟ್ಟನಂತೆ. ಗೋಡೆಯ ಮೇಲೆ ಸಾಹುಕಾರರ ತೀರಿಹೋದ ತಂದೆಯ ಎಣ್ಣೆಬಣ್ಣದ ಚಿತ್ರ. ಅವತ್ತು ಊಟ ಬಿಟ್ಟು ನನ್ನ ಮುಂದೆ ಬಂದು ಕೂತ.

“ಅಕ್ಕೋರ, ಮೀಸಿ ಎಳಿ ಎಳಿ ಎಣಿಸಬಹುದ್ರಿ. ಕಣ್ಣಾಗ ನೀರಿನ ಪಸಿ ಐತ್ರಿ. ಆ ಮುದುಕ ನನ್ನ ನೋಡಿ, ಏನಲೇ, ಅಂದಂಗಾತು. ನಾ ಇಷ್ಟ ದಿನ ಏನ ಬರದೇನಿ? ಸುಡಗಾಡ ನವಲ ಬರದೇನಿ.”

ಚಿತ್ರ ಬರೆದವರು ಚಿಕ್ಕೋಡಿಯ ಜ್ಞಾನದೇವ ಮಾಸ್ತರರು. ಪ್ರಾಯದಲ್ಲಿ ಕೊಲ್ಹಾಪುರಕ್ಕೆ ಹೋಗಿ ಕಲಿತು ಬಂದವರು. ನಿಪ್ಪಾಣಿಯಿಂದ ಅಥಣಿಯವರೆಗೆ ದೊಡ್ಡ ಮನೆಯಲ್ಲಿ ಯಾರಾದರೂ ಹಿರಿಯರು ತೀರಿಕೊಂಡರೆ, ವರ್ಷಾಂತಿಕದೊಳಗೆ ಮಾಸ್ತರರ ಕೈಯ ಚಿತ್ರ ಗೋಡೆಗೆ ಬರಬೇಕು ಅನ್ನುವ ಪದ್ಧತಿ. ಸಿದರಾಯ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದ. ಮೂರು ಸಲ ಬಾಗಿಲಿನಿಂದಲೇ ಓಡಿಸಿದರು. ನಾಲ್ಕನೆಯ ಸಲ ಒಳಗೆ ಕರೆದು, ಗಾಜಿನ ಚೌಕಟ್ಟಿನ ಒಂದು ಅಚ್ಚಿನ ಚಿತ್ರ ಕೈಗೆ ಕೊಟ್ಟರು.

ಅದೊಂದು ಖೋಲಿಯ ಚಿತ್ರ. ಯಾವ ದೇಶದ್ದು, ಬರೆದವರು ಯಾರು, ಮಾಸ್ತರರಿಗೂ ಗೊತ್ತಿರಲಿಲ್ಲ; ಅವರ ಗುರುಗಳು ಕೊಟ್ಟದ್ದು. ಎಡಕ್ಕೆ ಎತ್ತರದ ಕಿಟಕಿ, ಅದಕ್ಕೆ ಜಾಳಿಗೆಯಂಥ ಪರದೆ. ಕಿಟಕಿಯ ಹತ್ತಿರ ಬಿಳಿ ಟೊಪ್ಪಿಗೆಯ ಹೆಂಗಸು, ಕೈಯಲ್ಲಿ ಹೂಜಿ. ಗೋಡೆಗೆ ತಾಮ್ರದ ಪಾತ್ರೆಗಳು, ಒಂದೊಂದರಲ್ಲೂ ಕಿಟಕಿಯ ಸಣ್ಣ ಬೆಳಕು. ಮೇಜಿನ ಮೇಲೆ ಅರ್ಧ ಕೊಯ್ದ ರೊಟ್ಟಿ. ನೆಲದ ಮೇಲೆ ಕಣ್ಣು ತಿರುಗಿಸುವಷ್ಟು ಬಳ್ಳಿ ಬಳ್ಳಿಯ ಜಮಖಾನೆ. ಬಲಮೂಲೆಯಲ್ಲಿ, ಎಲ್ಲಕ್ಕಿಂತ ಮುಂದೆ, ಒಂದು ಮರದ ತೊಟ್ಟಿಲು. ಅದರ ಹೊದಿಕೆ ಮಡಿಚಿ ಹಿಂದಕ್ಕೆ ಸರಿಸಿದ್ದಾರೆ. ಒಳಗೆ ಯಾರೂ ಇಲ್ಲ.

“ಇದನ್ನ ನೋಡಿ ಹಿಂಗ ಬರಕೊಂಡ ಬಾ. ನಕಲ ಅಂದ್ರ ನಕಲ,” ಅಂದರಂತೆ ಮಾಸ್ತರರು. “ಇದರಾಗ ಇದ್ದದ್ದ ಬಿಡಬಾರದು. ಇಲ್ಲದ್ದ ಹಾಕಬಾರದು. ಇದು ಬರೋಬರ ಆತಂದ್ರ ಮನಷ್ಯಾರ ಮಾರಿ ಬರಿಯಾಕ ಕೊಡ್ತೇನಿ. ಅಲ್ಲೀತನಕ ನೀ ಟ್ರಾಲಿ ಪೇಂಟರನ.”

ಅಲ್ಲಿಂದ ಎರಡೂವರೆ ವರ್ಷ ನಮ್ಮ ವಾಡೆಯಲ್ಲಿ ಆ ಖೋಲಿಯದೇ ಕಾರುಬಾರು. ಮೊದಲು ದಾರ ಕಟ್ಟಿ ಚೌಕಳಿ ಹಾಕಿದ. ಅಚ್ಚಿನ ಮೇಲೆ ಎಷ್ಟು ಚೌಕವೋ ಕ್ಯಾನ್‌ವಾಸಿನ ಮೇಲೂ ಅಷ್ಟೇ. ಒಂದು ಚೌಕದೊಳಗಿನದನ್ನು ಬಿಟ್ಟು ಪಕ್ಕದ್ದನ್ನು ನೋಡುವಂತಿಲ್ಲ. ಕಂದು ಬಣ್ಣವೊಂದರಲ್ಲೇ ಇಡೀ ಖೋಲಿಯ ಬೆಳಕು ನೆರಳು ಮುಗಿಸಬೇಕು, ಅದು ಒಣಗಬೇಕು, ಆಮೇಲೆ ಅದರ ಮೇಲೆ ಬಣ್ಣ. ಬೋರ್ಡು ಬರೆದ ಕೈ, ಪ್ರತಿಯೊಂದಕ್ಕೂ ಕರೀ ಗೆರೆ ಎಳೆಯುತ್ತಿತ್ತು. “ನಿನ್ನ ಮೂಗಿನ ಸುತ್ತ ಗೆರಿ ಎಲ್ಲೈತಿ ತೋರಸಲೇ,” ಅಂತ ಮಾಸ್ತರರು ಕನ್ನಡಿ ಹಿಡಿದು ನಿಲ್ಲಿಸಿದರಂತೆ. ಜಮಖಾನೆಗೇ ಎಂಟು ತಿಂಗಳು ಹಿಡಿಯಿತು. ಮೂರು ಸಲ ಒರೆಸಿದ. ಒಂದು ದಿನ ನನ್ನ ಮುಂದೆ ಅತ್ತೇಬಿಟ್ಟ, ಅಷ್ಟು ದೊಡ್ಡ ಗಂಡಸು.

ಊರ ಪಕ್ಕದ ಸಕ್ಕರೆ ಕಾರ್ಖಾನೆ ಶುರುವಾದರೆ ಚಿಮಣಿಯ ಮಸಿ ಊರೆಲ್ಲ ಉದುರುತ್ತದೆ. ಎಣ್ಣೆಬಣ್ಣವೆಂದರೆ ವಾರಗಟ್ಟಲೆ ಹಸಿಯಾಗೇ ಇರುವ ವಸ್ತು. ಮಸಿ ಬಂದು ಬಿಳಿ ಟೊಪ್ಪಿಗೆಯ ಮೇಲೇ ಕೂರಬೇಕೇ! ಮಲಕವ್ವ ಸೂಜಿ ಹಿಡಿದು ಕೂತು ಒಂದೊಂದನ್ನೇ ಎತ್ತುತ್ತಿದ್ದಳು. ಆಗೆಲ್ಲ ಅವಳಿಗೆ ಆ ಚಿತ್ರವೆಂದರೆ ಬಲು ಪ್ರೀತಿ. “ಈ ಟೊಪ್ಪಿಗಿ ಬಾಯಿ ಮನಿ ಎಷ್ಟ ಸ್ವಚ್ಛ ಇಟ್ಟಾಳ್ರಿ ಅಕ್ಕೋರ. ಖರೇ, ರೊಟ್ಟಿ ಮ್ಯಾಲ ಒಂದ ತಾಟ ಮುಚ್ಚಬಾರದೇನು, ನೊಣ ಕೂಡತಾವು,” ಅನ್ನುವಳು. ನಗುತ್ತಿದ್ದೆವು.

ತೊಂಬತ್ತನೆಯ ಇಸವಿಯ ಶ್ರಾವಣದಲ್ಲಿ ಮಲಕವ್ವ ಮತ್ತೆ ಆರು ತಿಂಗಳ ಬಸುರಿ. ತವರಲ್ಲಿ ಯಾರೂ ಉಳಿದಿರಲಿಲ್ಲ. ಇಲ್ಲೇ ಬಾಣಂತನ ಅಂತ ಠರಾಯಿಸಿ, ಸಿದರಾಯನ ತಾಯಿ ಸಾವಕ್ಕ ಮಂಗಸೂಳಿಯಿಂದ ಬಂದಳು. ಮುದುಕಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು, ಚಿತ್ರ ನೋಡಿದಳು, ಗಂಟು ಕೆಳಗೆ ಹಾಕಿದಳು.

“ಯವ್ವಾ! ಬಸುರಿ ಇದ್ದ ಮನ್ಯಾಗ ಖಾಲಿ ತೊಟ್ಟಿಲ!”

ಅಲ್ಲಿಯವರೆಗೆ ತೊಟ್ಟಿಲು ಬರೀ ಕಂದು ಬಣ್ಣದ ಆಕಾರವಾಗಿತ್ತು. ಹಿಂದಿನದನ್ನು ಮೊದಲು, ಮುಂದಿನದನ್ನು ಕಡೆಗೆ ಅನ್ನುವುದು ಮಾಸ್ತರರ ಕ್ರಮ. ತೊಟ್ಟಿಲು ಎಲ್ಲಕ್ಕಿಂತ ಮುಂದಿದ್ದುದರಿಂದ ಆ ತಿಂಗಳೇ ಅದಕ್ಕೆ ಬಣ್ಣ ಬಂದಿತ್ತು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಕೈ ಚಾಚಿದರೆ ತೂಗುತ್ತದೇನೋ ಅನ್ನಿಸುತ್ತಿತ್ತು. ಅದೇ ತಪ್ಪಾಯಿತು. ನಮ್ಮ ಕಡೆ ಖಾಲಿ ತೊಟ್ಟಿಲನ್ನು ಯಾರೂ ತೂಗುವುದಿಲ್ಲ. ಹುಡುಗರು ಆಟಕ್ಕೆ ತೂಗಿದರೂ ಬಡಿಯುತ್ತಾರೆ. ಹೆಸರಿಡುವ ದಿನವೂ ಕೂಸನ್ನು ಮೊದಲು ಹಾಕುವುದಿಲ್ಲ. ರುಬ್ಬುಗುಂಡನ್ನು ತೊಳೆದು, ಕುಂಕುಮ ಹಚ್ಚಿ, ಕೂಸಿಗೆ ಹಾಕುವ ಕುಂಚಿಗಿ ಟೊಪ್ಪಿಗೆಯನ್ನೇ ಅದಕ್ಕೆ ಹಾಕಿ, ಆ ಗುಂಡಪ್ಪನನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಿ, ಅದನ್ನು ತೆಗೆದ ಮೇಲೆಯೇ ಕೂಸು. ಬಂದ ಕಂಟಕ ಕಲ್ಲಿಗೆ ತಗಲಲಿ, ಕೂಸಿಗೆ ಬೇಡ ಅಂತ.

ಮಲಕವ್ವ ಆವತ್ತಿನಿಂದ ಆ ಚಿತ್ರಕ್ಕೆ ಬೆನ್ನು ಮಾಡಿ ಕೂರತೊಡಗಿದಳು. ಎರಡು ದಿನ ಬಿಟ್ಟು ನನ್ನ ಹತ್ತಿರ ಬಂದು ಕೇಳಿದಳು:

“ಅಕ್ಕೋರ, ಆ ಬಾಯಿ ಕೈಯಾಗ ಹೂಜಿ ಐತಿ. ಕೂಸ ಎಲ್ಲಿ ಹೋತ್ರಿ?”

“ಅವರತ್ತಿ ಎತಗೊಂಡ ಬಿಸಲಿಗೆ ಹೋಗ್ಯಾಳ,” ಅಂದೆ.

“ಮತ್ತ ಆಕಿ ಮಾರಿ ಯಾಕ ಹಂಗೈತ್ರಿ?”

ನನಗೆ ಸಿಟ್ಟು ಬಂತು. ಶಾಲೆಯಲ್ಲಿ ವಿಜ್ಞಾನ ಹೇಳುವವಳು ನಾನು. ಗ್ರಹಣದ ದಿನ ಮಕ್ಕಳ ಮುಂದೆ ಚುರಮುರಿ ತಿಂದು ತೋರಿಸಿದವಳು. ಬಟ್ಟೆಯ ಮೇಲೆ ಬಣ್ಣ ಮೆತ್ತಿದ್ದಕ್ಕೆ ಹೆದರುವುದೆಂದರೇನು! ಅವಳಿಗೂ ಬೈದೆ, ಮುದುಕಿಗೂ ಬೈದೆ. “ಡಾಕ್ಟರ್ ಕೊಟ್ಟ ಗುಳಗಿ ನುಂಗ ಮೊದಲ,” ಅಂದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆದರೆ ಹೆದರಿಕೆ ಬೈಗುಳಕ್ಕೆ ಹೋಗುವಂಥದ್ದಲ್ಲ. ಏಳನೇ ತಿಂಗಳಿಗೆ ಅವಳು ನಿದ್ದೆ ಬಿಟ್ಟಳು. ಒಂದು ರೊಟ್ಟಿ ತಿಂದರೆ ಅರ್ಧ ವಾಂತಿ. ಕ್ಯಾನ್‌ವಾಸನ್ನು ಗೋಡೆಗೆ ತಿರುಗಿಸಿ ಇಟ್ಟರೂ, “ಒಳಗ ಐತಲ್ರಿ,” ಅನ್ನುತ್ತಿದ್ದಳು. ಕಾಲು ಬಾತವು. ಡಾಕ್ಟರರು ಬಿ.ಪಿ. ನೋಡಿ, ಇವಳಿಗೆ ಸಮಾಧಾನ ಬೇಕು ಅಂದರು.

ಕಡೆಗೆ ಅವಳೇ ದಾರಿ ಹುಡುಕಿದಳು. ಗಂಡನ ಮುಂದೆ ಹೋಗಿ ನಿಂತು, “ಕೂಸ ಬರೀರಿ ಅನ್ನಂಗಿಲ್ಲ. ಗುಂಡಪ್ಪನ ಹಾಕ್ರಿ ಸಾಕು,” ಅಂದಳು.

“ಇಲ್ಲದ್ದ ಹಾಕಬಾರದು ಅಂತ ಮಾಸ್ತರ ಹೇಳ್ಯಾರಲ್ಲ, ಮಾರಾಯ್ತಿ.”

“ಮಾಸ್ತರ ಹಡಿತಾರೇನ್ರಿ?”

ಗೋಡೆಯಾಚೆ ಕೂತು ಇದನ್ನು ಕೇಳಿದ ನನಗೇ ನಗು ಬಂತು. ಸಿದರಾಯ ನಾಲ್ಕು ದಿನ ಒಲ್ಲೆ ಅಂದ. ಐದನೆಯ ದಿನ ಬೆಳಿಗ್ಗೆ ಒರಳಿನಿಂದ ರುಬ್ಬುಗುಂಡನ್ನು ಎತ್ತಿ ತಂದು, ಹಲಗೆಯ ಮೇಲೆ ಇಟ್ಟು, “ಕುಂಚಿಗಿ ಯಾವ ಬಣ್ಣದ್ದ ಹಾಕ್ಲಿ?” ಅಂತ ಹೆಂಡತಿಯನ್ನು ಕೇಳಿದ. ಅವಳು ಟ್ರಂಕು ತೆಗೆದು ಒಂದು ಕೆಂಪು ಕುಂಚಿಗಿ ತಂದಳು. ಎರಡನೆಯ ಕೂಸಿಗೆಂದು ಹೊಲಿದು ಹಾಕದೇ ಉಳಿದದ್ದು. ಎರಡು ದಿನದಲ್ಲಿ ಬರೆದು ಮುಗಿಸಿದ. ಆ ಪರದೇಶದ ಖೋಲಿಯ ಕಿಟಕಿಯ ಬೆಳಕು ಬಂದು ನಮ್ಮ ಶಿರಗುಪ್ಪಿಯ ರುಬ್ಬುಗುಂಡಿನ ಮೇಲೆ ಬಿದ್ದಿತ್ತು. ಆಹಾ, ಏನು ಬರೆದಿದ್ದ! ಕಲ್ಲಿನ ಚುಚ್ಚು ಚುಚ್ಚೂ ಕಾಣುತ್ತಿತ್ತು. ಮಲಕವ್ವ ಕೈಮುಗಿದಳು. ಅವತ್ತು ಎರಡು ರೊಟ್ಟಿ ಪುಂಡಿಪಲ್ಲೆ ಉಂಡು, ಮಧ್ಯಾಹ್ನವೇ ಗೊರಕೆ ಹೊಡೆದು ಮಲಗಿದಳು.

ಮುಂದಿನ ಶನಿವಾರ ಚಿತ್ರವನ್ನು ಮಾಸ್ತರರಿಗೆ ತೋರಿಸುವ ದಿನ. ನನಗೂ ಚಿಕ್ಕೋಡಿಯ ಶಿಕ್ಷಣ ಕಚೇರಿಯಲ್ಲಿ ಕೆಲಸವಿತ್ತು. ಬಸ್ಸಿನಲ್ಲಿ ಕ್ಯಾನ್‌ವಾಸನ್ನು ತೊಡೆಯ ಮೇಲೆ ನಿಲ್ಲಿಸಿ, ಹಸಿ ಬಣ್ಣಕ್ಕೆ ಯಾರೂ ತಾಗದ ಹಾಗೆ ತೋಳು ಅಡ್ಡ ಹಿಡಿದು ಕೂತಿದ್ದ. ಕೆಲಸ ಮುಗಿಸಿ ನಾನೂ ಮಾಸ್ತರರ ಮನೆಗೆ ಹೋದೆ. ಆ ದಿನ ಅಲ್ಲಿ ನಿಪ್ಪಾಣಿಯ ಉತ್ತಮ ಅನ್ನುವ ಇನ್ನೊಬ್ಬ ಶಿಷ್ಯನೂ ತಾನು ನಕಲು ಮಾಡಿದ ಚಿತ್ರ ಹಿಡಿದುಕೊಂಡು ಬಂದಿದ್ದ. ಮಾಸ್ತರರ ಕಣ್ಣಿಗೆ ಪೊರೆ ಬಂದಿತ್ತು. ಬಾಕಿ ಉಳಿದ ಐದು ಚಿತ್ರ, ಮುಂದೆ ಬರುವ ಮನೆತನಗಳು, ಎಲ್ಲವನ್ನೂ ಇಬ್ಬರಲ್ಲಿ ಒಬ್ಬರಿಗೆ ಒಪ್ಪಿಸುವೆ ಅಂತ ಹೇಳಿ ಕಳಿಸಿದ್ದರು.

ಮಾಸ್ತರರು ಭೂತಗನ್ನಡಿ ಹಿಡಿದು ಸಿದರಾಯನ ಚಿತ್ರದ ಮೇಲೆ ಗೇಣು ಗೇಣಾಗಿ ಸರಿದರು. ಕಿಟಕಿ, ಪರದೆ, ತಾಮ್ರದ ಪಾತ್ರೆ. ತಲೆ ಆಡಿಸುತ್ತಾ, “ಅಗದಿ ಚಲೋ,” ಅಂದರು. ಜಮಖಾನೆಯ ಮೇಲೆ ಅಂಗೈ ಸವರುವಂತೆ ಮಾಡಿದರು. ಆಮೇಲೆ ಬಲಮೂಲೆಗೆ ಬಂದರು.

“ಇದೇನ? ಬಟಾಟಿ?”

“ಗುಂಡಪ್ಪರಿ, ಸರ್.”

ಉತ್ತಮ ಕಿಸಕ್ಕನೆ ನಕ್ಕ. ಮಾಸ್ತರರೂ ನಕ್ಕರು; ಸಿದರಾಯ ಕಾರಣ ಹೇಳಿದ ಮೇಲೆ ನಗು ನಿಲ್ಲಿಸಿದರು. ಅವರು ಕೆಟ್ಟವರಲ್ಲ. ನಿಧಾನವಾಗಿಯೇ ಹೇಳಿದರು.

“ನೋಡಪಾ, ನಾಳೆ ಒಬ್ಬ ಮಗ ಅಪ್ಪನ ಫೋಟೋ ತಂದು ಕೊಡ್ತಾನ. ಅಪ್ಪನ ಒಂದ ಕಣ್ಣ ಮೆಳ್ಳಗಣ್ಣ ಇರತೈತಿ. ನಿನ್ನ ಹೆಂಡತಿ ಅಶುಭ ಅಂದ್ಲಂತ ನೆಟ್ಟಗ ಮಾಡಿ ಬರಿತೀ ಏನ? ಇದನ್ನ ಒರಸು. ಕೆಲಸ ನಿಂದು. ಒರಸಂಗಿಲ್ಲಂದ್ರ ಎತಗೊಂಡ ಹೋಗು, ಬ್ಯಾಸರಿಲ್ಲ.”

ಸಿದರಾಯ ನನ್ನ ಕಡೆ ನೋಡಿದ. ಆ ಖೋಲಿಯಲ್ಲಿ ಅವನನ್ನು ಬಲ್ಲವಳು ನಾನೊಬ್ಬಳೇ. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ.

“ಒರಸೋ ಸಿದರಾಯ,” ಅಂದೆ. “ಬಣ್ಣ ಅಷ್ಟ ಅದು. ಎರಡೂವರಿ ವರ್ಷ ನೀರಾಗ ಹಾಕಬ್ಯಾಡ.”

ಅವನು ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಟರ್ಪೆಂಟೈನಿನಲ್ಲಿ ಅದ್ದಿದ. ಕೆಳಗಿನ ಬಣ್ಣ ತಿಂಗಳ ಹಿಂದೆಯೇ ಒಣಗಿತ್ತು, ಮೇಲಿನದು ಹಸಿ. ಮೂರು ಸಲ ಕೈಯಾಡಿಸಿದ್ದಕ್ಕೆ ಕಲ್ಲೂ ಕುಂಚಿಗಿಯೂ ಹೋದವು. ಅಡಿಯಲ್ಲಿ ಆ ಖಾಲಿ ತೊಟ್ಟಿಲು ಇದ್ದ ಹಾಗೇ ಇತ್ತು, ಒಂದು ಗೀರೂ ಇಲ್ಲದೆ. ಮಾಸ್ತರರು ಅವನ ಬೆನ್ನು ತಟ್ಟಿದರು. ನಾನು ಆ ಮೂಲೆ ಬಿಟ್ಟು ಬೇರೆ ಕಡೆ ನೋಡಿದೆ. ಯಾಕೆಂದು ಆಗ ಕೇಳಿದ್ದರೆ ಹೇಳುತ್ತಿರಲಿಲ್ಲ.

ವಾಪಸು ಬರುವ ಬಸ್ಸು ಅಂಕಲಿ ದಾಟಿತು. ಆಮೇಲೆ ಅವನು, “ಆಕಿಗೆ ಏನ ಹೇಳೂದ್ರಿ?” ಅಂದ. ಚಿತ್ರವನ್ನು ಮಾಸ್ತರರಲ್ಲೇ ಬಿಟ್ಟು ಬಂದಿದ್ದ. ಏಳು ತಿಂಗಳು ಮುಗಿದಿವೆ, ಈಗ ನಿಜ ಹೇಳಿದರೆ ಮತ್ತೆ ಊಟ ಬಿಡುತ್ತಾಳೆ, ಹಡೆದ ಮೇಲೆ ಹೇಳಿದರಾಯಿತು, ಅಂತ ನಾನೇ ಲೆಕ್ಕ ಹಾಕಿದೆ. ನಾನೇ ಹೇಳುತ್ತೇನೆ, ನೀನು ಬಾಯಿ ಮುಚ್ಚಿಕೊಂಡಿರು ಅಂದೆ. ಮನೆಗೆ ಬಂದೆವು. ಮಲಕವ್ವ ಚಹಾ ಬಸಿಗೆ ಸುರಿದು ಕೊಟ್ಟಳು. ನಾನು ಅವಳ ಮುಖ ನೋಡಿಕೊಂಡೇ ಹೇಳಿದೆ:

“ಮಾಸ್ತರಿಗೆ ಗುಂಡಪ್ಪ ಬಾಳ ಸೇರಿದ. ನನ್ನ ಮನ್ಯಾಗ ಇರಲಿ ಅಂತ ಚಿತ್ರ ಇಟ್ಟಕೊಂಡ್ರು. ಕೆಲಸ ಸಿದರಾಯಗ ಬಂತು.”

“ಹೌದ್ರಿ?” ಅಂದಳು. “ಚಲೋ ಆತು ಬಿಡ್ರಿ.” ಸುಳ್ಳು ಹೇಳಿದ ಮಕ್ಕಳ ಅಂಗೈ ಹೊಡೆದು ಕೆಂಪಗೆ ಮಾಡುತ್ತಿದ್ದವಳು ನಾನು.

ಹದಿನಾಲ್ಕು ದಿನಕ್ಕೆ ಅವಳಿಗೆ ನೋವು ಬಂತು, ಎಂಟು ತಿಂಗಳೂ ಪೂರ್ತಿ ಆಗಿರಲಿಲ್ಲ. ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೆಣ್ಣು ಕೂಸು. ಕೈಯಷ್ಟುದ್ದ, ಆದರೆ ತಲೆತುಂಬ ಕೂದಲು, ಎಡಗಿವಿಯ ತುದಿ ಮಡಿಚಿಕೊಂಡಿತ್ತು. ಈ ಸಲ ಕೂಸು ಅತ್ತಿತು. ಅದನ್ನು ಕೇಳಿ ಸಾವಕ್ಕ ಆಸ್ಪತ್ರೆಯ ಪಡಸಾಲೆಯಲ್ಲೇ ಕುಣಿದಳು. ಮನೆಯಲ್ಲಿ ರುಬ್ಬುಗುಂಡನ್ನು ತೊಳೆದು ಕಟ್ಟೆಯ ಮೇಲೆ ಬಿಸಿಲಿಗಿಟ್ಟಳು, ಹನ್ನೆರಡನೆಯ ದಿನಕ್ಕೆಂದು. ಎದೆಯಲ್ಲಿ ಉಸಿರು ಗಟ್ಟಿಯಿಲ್ಲ, ಬೇಗ ಹುಟ್ಟಿದೆ, ನಮ್ಮ ಕೈಲಾದದ್ದು ಮಾಡುತ್ತೇವೆ ಅಂತ ಡಾಕ್ಟರರು ಮೊದಲೇ ಹೇಳಿದ್ದರು. ಮಾಡಿದರು ಕೂಡ. ಒಂಬತ್ತನೆಯ ದಿನ ಬೆಳಿಗ್ಗೆ ಕೂಸು ಹೋಯಿತು. ತೊಟ್ಟಿಲಿಗೆ ಹಾಕಲು ಇನ್ನೂ ಮೂರು ದಿನ ಬಾಕಿಯಿದ್ದವು.

ಅದು ಚಿತ್ರದಿಂದ ಹೋಯಿತೆಂದು ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಸಿದರಾಯನೂ ನಂಬಿರಲಿಕ್ಕಿಲ್ಲ. ಆದರೆ ಮಣ್ಣು ಮಾಡಿ ಬಂದ ದಿನ ಅವನು ಅಂಗಳದಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾಗ, ಹಸಿ ಬಾಣಂತಿ ಎದ್ದು ಬಂದು, ಅವನ ತಲೆಗೂ ಗೋಡೆಗೂ ನಡುವೆ ತನ್ನ ಅಂಗೈ ಇಟ್ಟು, “ನಿಮ್ಮ ಕೈಲಿ ಆಗೂದ ನೀವ ಮಾಡಿರಿ. ಕೇಳಿದ್ದ ಬರದ ಕೊಟ್ಟಿರಿ. ಇನ್ನೇನ ಮಾಡಬೇಕಾಗಿತ್ತು?” ಅಂದಳು. ಅವನು ನನ್ನ ಕಡೆ ನೋಡಿದ ನೋಟ ನನಗೆ ಇವತ್ತಿಗೂ ಊಟದ ತಾಟಿನಲ್ಲಿ ಕಾಣುತ್ತದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ ಆಯಿತು ನಮ್ಮಿಬ್ಬರ ಪಾಡು. ಹಡೆದ ಮೇಲೆ ಹೇಳಿದರಾಯಿತು ಅಂದಿದ್ದೆನಲ್ಲ, ಈಗ ಯಾವ ಬಾಯಿಂದ ಹೇಳುವುದು?

ತಿಂಗಳಾದ ಮೇಲೆ ಮಲಕವ್ವ ಗಂಡನನ್ನು ಒಂದೇ ಒಂದು ಕೇಳಿದಳು. ಕೂಸಿನ ಫೋಟೋ ತೆಗೆಸಿರಲಿಲ್ಲ. ಮಾರಿ ಮರೆಯುವ ಮೊದಲು ಒಂದು ಸಣ್ಣ ಚಿತ್ರ ಬರೆದು ಕೊಡ್ರಿ ಅಂದಳು. ಅವನು ಹಲಗೆ ಹಾಕಿಕೊಂಡು ಕೂತ. ಐದು ದಿನ ಕೂತ. ನಾನು ಹೋಗಿ ನೋಡಿದರೆ ಒಂದು ಕಿವಿ ಬರೆದಿದ್ದ, ಮಡಿಚಿದ ಕಿವಿ. ಅದರ ಪಕ್ಕ ಏನೂ ಇಲ್ಲ.

“ನೋಡಿ ಬರಿಯೂದ ಅಷ್ಟ ಕಲತೇನ್ರಿ ಅಕ್ಕೋರ,” ಅಂದ. “ಯಾವನೋ ಯಾವ ದೇಶದಾವನ ಜಮಖಾನಿ ಎಳಿ ಎಳಿ ಬರದೆ. ನನ್ನ ಕೂಸಿನ ಮೂಗ ಹೆಂಗಿತ್ತ ಅಂತ ಕೈಗೆ ಬರವಲ್ದು. ಎಂಥ ವಿದ್ಯಾ ಕಲತೆನ್ರಿ ನಾ?”

ನಾನು ಕೂಸನ್ನು ಎರಡು ಸಲ ಎತ್ತಿಕೊಂಡಿದ್ದೆ. ನನಗೂ ನೆನಪಾಗಲಿಲ್ಲ. ಅಲ್ಲಿಂದ ಎದ್ದು ಬಂದು ಬಚ್ಚಲಲ್ಲಿ ಕೂತು ಅತ್ತೆ.

ಆಮೇಲೆ ಅವನು ದೊಡ್ಡ ಹೆಸರು ಮಾಡಿದ. ಮಾಸ್ತರರು ತೊಂಬತ್ಮೂರರಲ್ಲಿ ಹೋದರು. ಅವರ ಚಿತ್ರವನ್ನೂ ಇವನೇ ಬರೆದ. ಹಾರೂಗೇರಿ, ರಾಯಬಾಗ, ನಿಪ್ಪಾಣಿ, ಎಲ್ಲೆಲ್ಲಿಂದಲೋ ಜೀಪು ತೆಗೆದುಕೊಂಡು ಬರುತ್ತಿದ್ದರು. ತೀರಿಹೋದವರ ಫೋಟೋ ಕೊಟ್ಟರೆ ಹುಬ್ಬಿನ ಬಿಳಿಕೂದಲನ್ನೂ ಬಿಡದೆ ಬರೆಯುವ. ಹೆಂಡತಿಗೆ ಮೈಮುರಿದು ಸೇವೆ ಮಾಡುವ. ನೀರು ಸೇದುವುದು ಅವನೇ, ಅವಳು ಉಂಡಳೋ ಇಲ್ಲವೋ ಕೇಳದೆ ತಾನು ಉಣ್ಣುತ್ತಿರಲಿಲ್ಲ. ಓಣಿಯ ಹೆಂಗಸರು ಮಲಕವ್ವನ ಪುಣ್ಯ ಅನ್ನುವರು. ಮತ್ತೆ ಮಕ್ಕಳಾಗಲಿಲ್ಲ. ನಗುತ್ತಾ ಜಗಳಾಡುತ್ತಿದ್ದ ಗಂಡ ಹೆಂಡತಿ ಒಬ್ಬರನ್ನೊಬ್ಬರು ಬೀಗರ ಹಾಗೆ ಮರ್ಯಾದೆಯಿಂದ ಮಾತಾಡಿಸತೊಡಗಿದರು. ಅದನ್ನು ಗೋಡೆಯಾಚೆಯಿಂದ ದಿನಾ ಕೇಳುವುದು ನನ್ನ ಪಾಲಿಗೆ ಬಂತು. ಯಾರಾದರೂ ಸುಳ್ಳಿನ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನಂತೆ ನಾನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ಹೊಡೆಯುವುದನ್ನೂ ಬಿಟ್ಟೆ.

ತೊಂಬತ್ತಾರರಲ್ಲಿ ನಿವೃತ್ತಿಯಾಯಿತು. ಅಥಣಿಯಲ್ಲಿ ತಮ್ಮನ ಮನೆಗೆ ಹೋಗುವುದೆಂದು ಸಾಮಾನು ಕಟ್ಟಿದೆ. ಹೊರಡುವ ದಿನ ಬೆಳಿಗ್ಗೆ ಸಿದರಾಯ ಟಂಟಂ ರಿಕ್ಷಾ ತರಲು ಹೋಗಿದ್ದ. ಮಲಕವ್ವ ದಾರಿಗೆಂದು ಬುತ್ತಿ ಕಟ್ಟಿಕೊಂಡು ಬಂದಳು. ಆಗ ನನ್ನಿಂದ ತಡೆಯಲಾಗಲಿಲ್ಲ. ಅವಳ ಎರಡೂ ಕೈ ಹಿಡಿದು ಕೂರಿಸಿ, ಎಲ್ಲ ಹೇಳಿಬಿಟ್ಟೆ. ಒರೆಸಿದ್ದು, ಒರೆಸು ಅಂದವಳು ನಾನು, ಸುಳ್ಳು ಹೇಳಿದವಳೂ ನಾನು. ಬೈ, ಹೊಡಿ, ಉಗುಳು, ಏನಾದರೂ ಮಾಡು ಅಂದೆ.

ಅವಳು ಬುತ್ತಿಯ ಗಂಟನ್ನು ಸರಿಮಾಡಿದಳು.

“ಗೊತ್ತೈತ್ರಿ,” ಅಂದಳು.

“ಏನ ಗೊತ್ತೈತಿ?”

“ಅವತ್ತ ಅವರ ಟವ್ವೆಲ್ ನಾನ ಒಗದೇನ್ರಿ. ಕಲ್ಲಿನ ಬಣ್ಣ, ಕೆಂಪ ಬಣ್ಣ, ಎರಡೂ ಕೂಡಿ ಮೆತ್ತಿತ್ತು. ಗಾಸಲೇಟ ಎಣ್ಣಿ ಹಾಕಿ ತಿಕ್ಕಿದ್ರೂ ಹೋಗಲಿಲ್ಲ. ಆ ಕೆಂಪ ನಾನ ಆರಿಸಿದ್ದರಿ ಅಕ್ಕೋರ.”

“ಆರ ವರ್ಷ! ಆರ ವರ್ಷ ಒಂದ ಮಾತ ಆಡಲಿಲ್ಲಲ್ಲ ನೀ!”

“ಆಡಿ ಏನ ಮಾಡ್ಲಿರಿ? ಕೂಸ ಹೋತು. ಗಂಡನ್ನೂ ಕಳಕೊಳ್ಳಲೇನು? ನಿಮ್ಮನ್ನೂ ಕಳಕೊಳ್ಳಲೇನು?” ಸೆರಗಿನಿಂದ ಮೂಗು ಒರೆಸಿಕೊಂಡಳು. “ಸಿಟ್ಟ ಬರಲಿಲ್ಲ ಅಂತಲ್ಲರಿ. ಬಾಳ ಬಂದಿತ್ತು. ಈಗೂ ಬರತೈತಿ. ಅವರು ಉಂಡಿ ಏನ ಅಂತ ಕೇಳಿದಾಗೆಲ್ಲಾ ಬರತೈತಿ. ಆದ್ರ ಅವರಿಗೆ ಹೇಳಬ್ಯಾಡ್ರಿ. ನನಗ ಗೊತ್ತೈತಿ ಅಂತ ತಿಳದ್ರ ಆ ಮನಷ್ಯಾ ನನ್ನ ಮುಂದ ಕುಂತ ಉಣ್ಣಂಗಿಲ್ಲ.”

ಹೊರಗೆ ಟಂಟಂ ಸದ್ದಾಯಿತು. ಅವಳು ಕಣ್ಣೊರೆಸಿಕೊಂಡು ಎದ್ದಳು. ಗಂಡ ಹೆಂಡತಿ ಇಬ್ಬರೂ ನನ್ನ ಟ್ರಂಕನ್ನು ಆ ಕಡೆ ಈ ಕಡೆ ಹಿಡಿದು ಎತ್ತಿ ಟಂಟಂಗೆ ಹಾಕಿದರು. “ಭಾರ ಐತಿ, ನೀವ ಬಿಡ್ರಿ,” ಅಂತ ಒಬ್ಬರಿಗೊಬ್ಬರು ಹೇಳುತ್ತಲೇ ಬಸ್‌ಸ್ಟ್ಯಾಂಡಿನಲ್ಲೂ ಇಳಿಸಿದರು. ಬಸ್ಸು ಹೊರಡುವಾಗ ಮಲಕವ್ವ ನೀರು ತರಲು ಹೋದಳು. ಸಿದರಾಯ ಕಿಟಕಿಯ ಹತ್ತಿರ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದ.

“ಅಕ್ಕೋರ, ಆಕಿಗೆ ಏನೂ ಹೇಳಿಲ್ಲಲ್ರಿ?”

“ಇಲ್ಲಪಾ,” ಅಂದೆ.